ಜಿನ್ನಿನ ಅಂಗಳದಲ್ಲಿ ಯಾರ ಜಾಗ ಎಲ್ಲಿ?

ಧಾರವಾಡ ಜಿಲ್ಲೆಯ ಅಣ್ಣಿಗೇರಿ ಸುತ್ತಲಿನ ಎರೆಭೂಮಿಯಲ್ಲಿ ಹತ್ತಿ ಬಿಡಿಸುವ ಹಂಗಾಮು ಶುರುವಾದರೆ ಊರಿನ ದುಡಿಮೆಯ ಏರ್ಪಾಡೆಲ್ಲ ಕಣ್ಣಿಗೆ ಕಾಣುತ್ತದೆ. ಹೊಲದಲ್ಲಿ ಹತ್ತಿ ಬಿಡಿಸುವವರು ಹೆಚ್ಚಾಗಿ ಹೆಂಗಸರು. ಟ್ರ್ಯಾಕ್ಟರಿಗೆ ಹೇರುವವರು, ಮಾರುಕಟ್ಟೆಯಲ್ಲಿ ಇಳಿಸುವ ಹಮಾಲರು ಗಂಡಸರು. ಜಿನ್ನಿಂಗ್ ಮಿಲ್ಲಿನ ಅಂಗಳದಲ್ಲಿ ರಾಶಿಯ ಮುಂದೆ ಕೂತು ಎಲೆ, ಕಡ್ಡಿ, ಹುಳುಕು ಕಾಯಿ ಆರಿಸುವವರು ಮತ್ತೆ ಹೆಂಗಸರೇ. ಪ್ರೆಸ್ಸಿನ ಬಳಿ ಬೇಲ್ ಕಟ್ಟುವವರು, ಯಂತ್ರ ಕೆಟ್ಟರೆ ಬಿಚ್ಚಿ ಸರಿಮಾಡುವವರು ಗಂಡಸರು. ತೂಕದ ಚೀಟಿ ಬರೆಯುವವರು, ದರ ನಿಗದಿ ಮಾಡುವವರು ಅವರಿಗಿಂತ ಮೇಲಿನ ಇನ್ನೊಂದು ಸಾಲು. ಈ ಸಾಲುಗಳ ಅಡ್ಡಹೆಸರು ಕೇಳುತ್ತ ಹೋದರೆ ಜಾತಿಯ ಲೆಕ್ಕವೂ ಹೆಚ್ಚುಕಡಿಮೆ ಸಿಕ್ಕಿಬಿಡುತ್ತದೆ. ಇಲ್ಲಿ ಯಾರಿಗೂ ಬಾಗಿಲು ಮುಚ್ಚಿಲ್ಲ. ಹಿಂದೂ, ಮುಸ್ಲಿಂ, ದಲಿತ, ಲಿಂಗಾಯತ, ಕುರುಬ, ಗಂಡಸು, ಹೆಂಗಸು, ಹರೆಯದವರು, ಮುದುಕರು ಎಲ್ಲರೂ ಒಂದೇ ಆವರಣದಲ್ಲಿ ದುಡಿಯುತ್ತಾರೆ. ಆದರೆ ಯಾರು ಎಲ್ಲಿ ಕೂರಬೇಕು, ಎಲ್ಲಿಯವರೆಗೆ ಏರಬಹುದು ಎಂಬುದು ಬಹುಮಟ್ಟಿಗೆ ಹುಟ್ಟಿದಾಗಲೇ ತೀರ್ಮಾನವಾಗಿರುತ್ತದೆ.

ಕೆಲಸದ ಜಾಗದಲ್ಲಿ ವೈವಿಧ್ಯ ಇರಬೇಕು, ಎಲ್ಲರನ್ನೂ ಒಳಗೊಳ್ಳಬೇಕು, ದುಡಿಯುವ ಪ್ರತಿಯೊಬ್ಬರಿಗೂ ಇದು ನನ್ನ ಜಾಗ ಎನ್ನಿಸಬೇಕು ಎಂಬ ಮಾತು ಈಗ ಬೆಂಗಳೂರಿನ ದೊಡ್ಡ ಕಂಪನಿಗಳಲ್ಲಿ ದಿನವೂ ಕೇಳಿಬರುತ್ತದೆ. ಅದು ಗಾಜಿನ ಕಟ್ಟಡದವರ ಚಿಂತೆ, ಹತ್ತಿ, ಕಡಲೆ, ಮೆಣಸಿನಕಾಯಿ ನಂಬಿ ಬದುಕುವ ತಾಲ್ಲೂಕಿಗೆ ಅದರಿಂದ ಆಗಬೇಕಾದ್ದೇನು ಎಂದು ಕೇಳುವವರಿದ್ದಾರೆ. ನನಗೆ ಕಾಣುವುದು ಬೇರೆ. ಆ ಕಂಪನಿಗಳು ವೈವಿಧ್ಯವನ್ನು ಹುಡುಕಿ ತರಬೇಕು. ಇಲ್ಲಿ ಅದು ಮೊದಲಿನಿಂದ ಇದೆ. ಇಲ್ಲದಿರುವುದು ಸಮಾನ ಸ್ಥಾನ. ಅದನ್ನು ತರುವುದು ಮನಸ್ಸು ದೊಡ್ಡದು ಮಾಡಿಕೊಳ್ಳಿ ಎಂಬ ಬುದ್ಧಿಮಾತಿನಿಂದ ಆಗುವ ಕೆಲಸವಲ್ಲ. ಕೂಲಿಯನ್ನು ಹೇಗೆ ಅಳೆಯುತ್ತೇವೆ, ಯಂತ್ರವನ್ನು ಎಲ್ಲಿ ಇಡುತ್ತೇವೆ, ಕೂಸನ್ನು ಯಾರು ನೋಡಿಕೊಳ್ಳುತ್ತಾರೆ, ಹಾಜರಿ ಪುಸ್ತಕ ಯಾರ ಕೈಯಲ್ಲಿದೆ ಎಂಬ ಬಿಡಿಬಿಡಿ ಏರ್ಪಾಡುಗಳಿಂದ ಅದು ಬರುತ್ತದೆ. ಒಳ್ಳೆಯ ಮಾತಿಗೆ ಈ ಊರಿನಲ್ಲಿ ಎಂದೂ ಬರವಿರಲಿಲ್ಲ. ಪಂಪನ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಗನ ಮೊಮ್ಮಗಳು ಎಂದು ಕುರ್ಕ್ಯಾಲ ಶಾಸನ ಹೇಳುತ್ತದೆ. ಮನುಷ್ಯರದು ಒಂದೇ ಕುಲ ಎಂದು ಸಾವಿರ ವರ್ಷದ ಹಿಂದೆಯೇ ಬರೆದ ಕವಿ ನಮ್ಮವನು ಎಂಬ ಅಭಿಮಾನ ಇಲ್ಲಿನವರಿಗೆ ಇದೆ, ಇರಬೇಕಾದ್ದೇ. ಆದರೂ ಆ ಸಾವಿರ ವರ್ಷದಲ್ಲಿ ಕೂಲಿಯ ಸಾಲು ಬದಲಾಗಲಿಲ್ಲ.

ಹತ್ತಿಯ ವಿಷಯದಲ್ಲಿಯೇ ಒಂದು ಉದಾಹರಣೆ ನೋಡಿ. 1948ರ ಕಾರ್ಖಾನೆ ಕಾಯ್ದೆಯಲ್ಲಿ 27ನೇ ಕಲಂ ಎಂದು ಒಂದಿತ್ತು. ಹತ್ತಿ ಪ್ರೆಸ್ ಮಾಡುವ ಕಾರ್ಖಾನೆಯಲ್ಲಿ, ಗಂಟುಕಟ್ಟಿದ ಹತ್ತಿಯನ್ನು ಬಿಡಿಸಿ ಹಿಂಜುವ ಓಪನರ್ ಯಂತ್ರ ನಡೆಯುವ ಭಾಗದಲ್ಲಿ ಹೆಂಗಸರನ್ನಾಗಲಿ ಮಕ್ಕಳನ್ನಾಗಲಿ ಕೆಲಸಕ್ಕೆ ಇಡಬಾರದು ಎಂದು ಅದು ಹೇಳುತ್ತಿತ್ತು. ಅಪಾಯದಿಂದ ಕಾಪಾಡುವ ಉದ್ದೇಶ ನಿಜ. ಆದರೆ ಅದೇ ಕಲಮಿನ ಮುಂದಿನ ಸಾಲು ಗಮನಿಸಬೇಕು. ಯಂತ್ರಕ್ಕೆ ಹತ್ತಿ ಊಡುವ ಬದಿ ಮತ್ತು ಹತ್ತಿ ಹೊರಬೀಳುವ ಬದಿಗಳ ನಡುವೆ ಮಾಡಿನವರೆಗೆ ಗೋಡೆ ಎಬ್ಬಿಸಿದ್ದರೆ, ಇಲ್ಲವೇ ಇನ್‌ಸ್ಪೆಕ್ಟರ್ ಒಪ್ಪಿದ ಎತ್ತರದವರೆಗೆ ಎಬ್ಬಿಸಿದ್ದರೆ, ಊಡುವ ಬದಿಯಲ್ಲಿ ಹೆಂಗಸರು ಕೆಲಸ ಮಾಡಬಹುದಿತ್ತು. ಎಂದರೆ ತೊಡಕು ಹೆಣ್ಣಿನ ಮೈಯಲ್ಲಿ ಇರಲಿಲ್ಲ, ಒಂದು ಗೋಡೆ ಇಲ್ಲದಿರುವುದರಲ್ಲಿತ್ತು ಎಂದು ಕಾನೂನೇ ಒಪ್ಪಿಕೊಂಡಿತ್ತು. ಹಾಗಿದ್ದರೂ ಹೆಂಗಸರಿಗೆ ಯಂತ್ರದ ಕೆಲಸ ಆಗಿಬರುವುದಿಲ್ಲ ಎಂಬ ಮಾತು ಕಾನೂನಿನ ಬೆಂಬಲ ಇರುವ ಸತ್ಯದಂತೆ ತಲೆಮಾರುಗಟ್ಟಲೆ ಚಲಾವಣೆಯಲ್ಲಿ ಉಳಿಯಿತು. ಹತ್ತಿಯ ಧೂಳು, ಬಿಚ್ಚಿಟ್ಟ ಬೆಲ್ಟು, ತಿರುಗುವ ಹಲ್ಲು ಗಂಡಸಿನ ಶ್ವಾಸಕೋಶವನ್ನೂ ಬೆರಳನ್ನೂ ಬಿಡುವುದಿಲ್ಲ. ಗೋಡೆ ಕಟ್ಟಿದ್ದರೆ ಅವನಿಗೂ ಒಳ್ಳೆಯದಾಗುತ್ತಿತ್ತು.

2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಈ ನಿಲುವನ್ನು ತಿರುಗಿಸಿ ಹೇಳುತ್ತವೆ. ಮಹಿಳೆಯರು ಎಲ್ಲ ಬಗೆಯ ಕೆಲಸಕ್ಕೂ ಅರ್ಹರು. ಕೆಲಸ ಅಪಾಯದ್ದು ಎಂದು ಸರ್ಕಾರಕ್ಕೆ ಕಂಡರೆ ಅವರನ್ನು ನೇಮಿಸುವ ಮೊದಲು ತಕ್ಕ ರಕ್ಷಣೆ ಒದಗಿಸುವಂತೆ ಮಾಲೀಕನಿಗೆ ಹೇಳಬಹುದು. ಹೊಣೆ ಈಗ ಇರಬೇಕಾದವನ ಹೆಗಲ ಮೇಲಿದೆ. ಆದರೆ ಇವೇ ಸಂಹಿತೆಗಳಲ್ಲಿ, ವಿದ್ಯುತ್ ಬಳಸುವ ಘಟಕವೊಂದು ಕಾರ್ಖಾನೆ ಎನ್ನಿಸಿಕೊಳ್ಳಲು ಬೇಕಾದ ಕನಿಷ್ಠ ಆಳುಗಳ ಸಂಖ್ಯೆ 10ರಿಂದ 20ಕ್ಕೆ ಏರಿದೆ. 30ಕ್ಕಿಂತ ಹೆಚ್ಚು ಹೆಂಗಸರಿದ್ದ ಕಾರ್ಖಾನೆಯಲ್ಲಿ ಕೂಸುಗಳಿಗೆ ಕೋಣೆ ಬೇಕೆಂದು ಹಿಂದೆ ಇದ್ದ ನಿಯಮದ ಜಾಗಕ್ಕೆ ಈಗ 50 ಕೆಲಸಗಾರರ ಮಿತಿ ಬಂದಿದೆ. ತಾಲ್ಲೂಕು ಊರುಗಳಲ್ಲಿ ಹಂಗಾಮಿಗೆ ತೆರೆದು ಹಂಗಾಮಿಗೆ ಮುಚ್ಚುವ ಸಣ್ಣ ಘಟಕಗಳೇ ಹೆಚ್ಚು. ಬರೆದಿಟ್ಟ ರಕ್ಷಣೆ ಅವುಗಳ ಹೊಸ್ತಿಲವರೆಗೆ ಬಂದು ನಿಂತರೆ ಅಚ್ಚರಿಯಿಲ್ಲ.

ಏರ್ಪಾಡು ಬದಲಿಸಿದರೆ ಏನಾಗುತ್ತದೆ ಎಂದು ತಿಳಿಯಲು ದೂರ ಹೋಗಬೇಕಿಲ್ಲ. ಬೇಸಿಗೆಯಲ್ಲಿ ಇದೇ ತಾಲ್ಲೂಕಿನ ಹಳ್ಳಿಗಳಲ್ಲಿ ನಡೆದ ಉದ್ಯೋಗ ಖಾತರಿಯ ಕೆಲಸ ನೋಡಿದರೆ ಸಾಕು. ಬದು ಹಾಕುವುದು, ಕೃಷಿ ಹೊಂಡ ತೋಡುವುದು, ಕೆರೆಯ ಹೂಳು ಎತ್ತುವುದು. ಎಂಜಿನಿಯರ್ ಗುರುತು ಹಾಕಿಕೊಟ್ಟ ಚೌಕದಲ್ಲಿ ಒಬ್ಬರು ಅಗೆಯುತ್ತಾರೆ, ಒಬ್ಬರು ಬುಟ್ಟಿ ತುಂಬುತ್ತಾರೆ, ಒಬ್ಬರು ದಂಡೆಗೆ ಹೊತ್ತು ಸುರಿಯುತ್ತಾರೆ. ವಾರದ ಕೊನೆಗೆ ಅಳತೆಗೆ ಬರುವುದು ಗುಂಡಿ. ಉದ್ದ, ಅಗಲ, ಆಳ ಗುಣಿಸಿದರೆ ಎಷ್ಟು ಘನ ಮೀಟರ್ ಮಣ್ಣು ಹೊರಬಂತು ಎಂಬ ಲೆಕ್ಕ ಸಿಗುತ್ತದೆ, ಅದರ ಮೇಲೆ ಗುಂಪಿನ ಕೂಲಿ. ಅದರಲ್ಲಿ ಗುದ್ದಲಿ ಹಿಡಿದವನ ಪಾಲು ಎಷ್ಟು, ಬುಟ್ಟಿ ಹೊತ್ತವಳ ಪಾಲು ಎಷ್ಟು ಎಂದು ಒಡೆಯುವ ಪ್ರಶ್ನೆಯೇ ಏಳುವುದಿಲ್ಲ. 2025-26ರಲ್ಲಿ ಕರ್ನಾಟಕದ ದಿನಗೂಲಿ 370 ರೂಪಾಯಿ ಇತ್ತು. ಗಂಡಿಗೂ ಅಷ್ಟೇ, ಹೆಣ್ಣಿಗೂ ಅಷ್ಟೇ, ಅದೂ ಬ್ಯಾಂಕ್ ಖಾತೆಗೆ. ಅಂಗವಿಕಲರಿಗೆ, 60 ದಾಟಿದವರಿಗೆ ರಾಜ್ಯದಲ್ಲಿ ಅರ್ಧ ಪ್ರಮಾಣದ ಕೆಲಸಕ್ಕೆ ಪೂರ್ತಿ ಕೂಲಿ. ಕೆಲಸಕ್ಕೆ ಬಂದವರ ಜೊತೆ 6 ವರ್ಷದೊಳಗಿನ ಐದು ಅಥವಾ ಹೆಚ್ಚು ಮಕ್ಕಳಿದ್ದರೆ ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಇಟ್ಟು ಅವಳಿಗೂ ಅದೇ ಕೂಲಿ ಕೊಡಬೇಕೆಂದು 2005ರ ಕಾಯ್ದೆಯ ಅನುಸೂಚಿಯಲ್ಲೇ ಬರೆದಿತ್ತು. ಗುಂಪಿನ ಮೇಲ್ವಿಚಾರಣೆಗೆ ಕಾಯಕ ಬಂಧು. ಆ ಜಾಗಕ್ಕೆ ಹೆಂಗಸರೂ ಬಂದರು. ಮೊಬೈಲಿನಲ್ಲಿ ಹಾಜರಿ ಹಾಕುವ ಕೆಲಸ ಕೂಲಿಯವರ ಮನೆಯ ಹೆಣ್ಣುಮಗಳ ಕೈಗೆ ಬಂದದ್ದನ್ನು ನಾನು ಸಣ್ಣ ಸಂಗತಿ ಎಂದು ಎಣಿಸುವುದಿಲ್ಲ.

ಇದರ ಫಲವೇನು? ಮೂರರಲ್ಲೊಂದು ಪಾಲು ಹೆಂಗಸರಿರಬೇಕು ಎಂದಷ್ಟೇ ಕಾಯ್ದೆ ಕೇಳಿತ್ತು. ದೇಶದ ಲೆಕ್ಕದಲ್ಲಿ ಅವರ ದುಡಿಮೆಯ ದಿನಗಳು ಅರ್ಧವನ್ನೂ ದಾಟಿದವು. ಜಾಗೃತಿ ಜಾಥಾ, ಭಾಷಣ ಇದನ್ನು ಸಾಧಿಸಲಿಲ್ಲ. ಸಮ ಕೂಲಿ, ಊರಿನ ಹತ್ತಿರದ ಕೆಲಸ, ಗುಂಪಿನಲ್ಲಿ ದುಡಿಯುವ ಧೈರ್ಯ ಸಾಧಿಸಿದವು. ಕುಂದುಗಳೂ ಇದ್ದವು, ಮುಚ್ಚಿಡಬೇಕಿಲ್ಲ. ನೆರಳಿನ ಚಪ್ಪರ ಕಾಗದದ ಮೇಲೆ ಉಳಿದ ಜಾಗಗಳಿದ್ದವು, ಕೂಲಿ ತಿಂಗಳುಗಟ್ಟಲೆ ತಡವಾದದ್ದಿದೆ, ನೆಟ್‌ವರ್ಕ್ ಸಿಗದೆ ಹಾಜರಿ ತಪ್ಪಿದ್ದಿದೆ. ಆದರೆ ತಡವಾದ ಕೂಲಿಗಾಗಿ ತಾಲ್ಲೂಕು ಪಂಚಾಯಿತಿಯ ಮುಂದೆ ಕೂತು ಕೇಳುವ ರೂಢಿ ಧಾರವಾಡ, ಬೆಳಗಾವಿ ಕಡೆಯ ಕೂಲಿಕಾರ ಹೆಂಗಸರಿಗೆ ಬಂದದ್ದೂ ಈ ಕೆಲಸದಿಂದಲೇ. ಈಗ ಆ ಕಾಯ್ದೆಯ ಬದಲಿಗೆ ಸಂಸತ್ತು 2025ರ ಡಿಸೆಂಬರಿನಲ್ಲಿ ಹೊಸ ಕಾಯ್ದೆ ತಂದಿದೆ. ದಿನಗಳ ಸಂಖ್ಯೆ, ಹಣದ ಪಾಲು ಕುರಿತು ಚರ್ಚೆ ಬಿಸಿಯಾಗಿದೆ. ಗುಂಡಿಯನ್ನು ಅಳೆದು ಆಳನ್ನು ಅಳೆಯದ ಆ ಪದ್ಧತಿಗೆ ಚರ್ಚೆಯಲ್ಲಿ ಇನ್ನೂ ಹೆಚ್ಚಿನ ಜಾಗ ಸಿಗಬೇಕಿತ್ತು.

ಉದ್ಯೋಗ ಖಾತರಿಯ ಕೆಲಸ ನಿಲ್ಲುತ್ತಲೂ ಅಲ್ಲಿ ಜೊತೆಗೆ ದುಡಿದ ಗಂಡ ಹೆಂಡತಿ ಪಕ್ಕದ ಹೊಲಕ್ಕೆ ಕೂಲಿಗೆ ಹೋದರೆ ಲೆಕ್ಕ ಬೇರೆಯಾಗುತ್ತದೆ. ಅಲ್ಲಿ ಗಂಡಾಳಿಗೆ ಒಂದು ಕೂಲಿ, ಹೆಣ್ಣಾಳಿಗೆ ಅದಕ್ಕಿಂತ ಕಡಿಮೆ. ಕೇಳಿದರೆ ಬರುವ ಉತ್ತರ ಒಂದೇ: ಗಂಡಸಿನ ಕೆಲಸ ಭಾರದ್ದು. ಈ ವಾದವನ್ನು ತಳ್ಳಿಹಾಕದೆ ನೋಡೋಣ. ನೂರು ಕಿಲೋ ಚೀಲ ಬೆನ್ನಿಗೇರಿಸುವುದು ಕಷ್ಟದ ಕೆಲಸ, ಅದಕ್ಕೆ ತಕ್ಕ ಬೆಲೆ ಸಿಗಲೇಬೇಕು. ಆದರೆ ಕೂಲಿ ನಿಜವಾಗಿ ಭಾರದ ಮೇಲೆ ನಿಂತಿದ್ದರೆ, ಬಿಸಿಲಿನಲ್ಲಿ ಬೆಳಗಿನಿಂದ ಸಂಜೆವರೆಗೆ ಬಗ್ಗಿ ಕಸ ತೆಗೆಯುವವಳಿಗಿಂತ ಬದುವಿನ ಮೇಲೆ ನಿಂತು ಔಷಧ ಹೊಡೆಯುವವನಿಗೆ ಹೆಚ್ಚು ಸಿಗುವುದೇಕೆ? ಕೌಶಲದ ಮೇಲೆ ನಿಂತಿದ್ದರೆ, ಬ್ಯಾಡಗಿ ಮೆಣಸಿನಕಾಯಿಯ ತುಂಬು, ಎಂದರೆ ತೊಟ್ಟು, ತೆಗೆಯುವ ಕೈಗಳಿಗೆ ಮೊದಲು ಬೆಲೆ ಬರಬೇಕಿತ್ತು. ಕಾಯಿ ಒಡೆಯಬಾರದು, ಬೀಜ ಚೆಲ್ಲಬಾರದು, ಬಣ್ಣ ಮಾಸಿದ್ದನ್ನು ಬೇರೆ ಹಾಕಬೇಕು, ಕಾರದ ಘಾಟಿಗೆ ಕೆಮ್ಮುತ್ತ, ಉರಿಯುವ ಬೆರಳುಗಳಲ್ಲಿ ಕಿಲೋಗಟ್ಟಲೆ ಮುಗಿಸಬೇಕು. ಮಾರುಕಟ್ಟೆಯಲ್ಲಿ ಕಾಯಿಗೆ ಸಿಗುವ ದರದಲ್ಲಿ ಆ ಆಯ್ಕೆಯ ಪಾಲೂ ಇದೆ. ಆದರೂ ಕೂಲಿಯ ಲೆಕ್ಕದಲ್ಲಿ ಅದು ಕೂತು ಮಾಡುವ ಹಗುರ ಕೆಲಸ. ಒಂದೇ ಬಗೆಯ ಕೆಲಸಕ್ಕೆ ಸಮಾನ ವೇತನ ಎಂಬ ಕಾಯ್ದೆ ದೇಶದಲ್ಲಿ 1976ರಿಂದ ಇತ್ತು. ಅದರಿಂದ ತಪ್ಪಿಸಿಕೊಳ್ಳುವ ಸುಲಭದ ದಾರಿ ಎಂದರೆ ಹೆಂಗಸರ ಕೆಲಸವನ್ನೇ ಬೇರೆ ಬಗೆಯ ಕೆಲಸ ಎನ್ನುವುದು.

ಇದು ನಮ್ಮಲ್ಲಿ ಮಾತ್ರ ಆದದ್ದಲ್ಲ. 1968ರಲ್ಲಿ ಇಂಗ್ಲೆಂಡಿನ ಡ್ಯಾಗನ್‌ಹ್ಯಾಮ್‌ನ ಫೋರ್ಡ್ ಕಾರು ಕಾರ್ಖಾನೆಯಲ್ಲಿ ಸೀಟಿನ ಕವರ್ ಹೊಲಿಯುತ್ತಿದ್ದ 187 ಹೆಂಗಸರು ಮುಷ್ಕರ ಹೂಡಿದರು. ಅವರ ಹೊಲಿಗೆಯನ್ನು ಕೌಶಲ ಬೇಡದ ಕೆಲಸದ ದರ್ಜೆಗೆ ಇಳಿಸಿದ್ದು ಕಾರಣ. ಸೀಟಿಲ್ಲದೆ ಕಾರು ಹೊರಡುವುದಿಲ್ಲ; ಕಾರ್ಖಾನೆ ನಿಂತಿತು. ಗಂಡಸರ ಕೂಲಿಯ ಶೇ 92ರಷ್ಟಕ್ಕೆ ಒಪ್ಪಂದವಾಯಿತು, ಎರಡು ವರ್ಷದಲ್ಲಿ ಬ್ರಿಟನ್ನಿನಲ್ಲಿ ಸಮಾನ ವೇತನದ ಕಾಯ್ದೆ ಬಂತು. ಆದರೆ ಹೊಲಿಗೆ ಕೌಶಲದ ಕೆಲಸ ಎಂದು ಕಂಪನಿ ಒಪ್ಪಿದ್ದು 1984ರಲ್ಲಿ, ಇನ್ನೊಂದು ಮುಷ್ಕರದ ಬಳಿಕ. ಹಣ ಕೊಡುವುದಕ್ಕಿಂತ ದರ್ಜೆ ಕೊಡುವುದು ಕಷ್ಟವಾಯಿತು.

ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 1957ರಲ್ಲಿ ಹುಟ್ಟಿದ ಈ ಸಂಘ ಭಾರತೀಯ ಮಾನಕ ಬ್ಯೂರೋದ ಮುದ್ರೆಯ ಖಾದಿ ರಾಷ್ಟ್ರಧ್ವಜಕ್ಕೆ ಹೆಸರಾದದ್ದು. ಧ್ವಜದ ಗುಣಮಟ್ಟದ ದಾಖಲೆಗೆ ದೇಶ ಕೊಟ್ಟಿರುವ ಸಂಖ್ಯೆ ಐಎಸ್ 1, ಮಾನಕಗಳಲ್ಲೇ ಮೊದಲನೆಯದು. 6 ಅಂಗುಲದಿಂದ 21 ಅಡಿ ಉದ್ದದವರೆಗೆ ಒಂಬತ್ತು ಅಳತೆ, ನೂಲಿನ ಎಳೆ, ಬಣ್ಣದ ಛಾಯೆ, ಹೊಲಿಗೆಯ ದಾರ ಎಲ್ಲಕ್ಕೂ ಲೆಕ್ಕ. ಒಂದರಲ್ಲಿ ತಪ್ಪಿದರೂ ಬಾವುಟ ತಿರಸ್ಕೃತ. ಈ ನಿಖರತೆಯ ಕೆಲಸ ಮಾಡುವವರಲ್ಲಿ ಬಹುಪಾಲು ಹೆಂಗಸರು. ಅವರಿಗೆ ತಾಳ್ಮೆ ಹೆಚ್ಚು, ಅದಕ್ಕೇ ಅವರು ಎಂದು ಇಂಥ ಕಡೆಗಳಲ್ಲೆಲ್ಲ ಮೆಚ್ಚಿ ಹೇಳುವುದು ರೂಢಿ. ಈ ಮೆಚ್ಚುಗೆಯ ಬಗ್ಗೆ ನನಗೆ ಅಸಮಾಧಾನವಿದೆ. ತಾಳ್ಮೆ ಎಂದರೆ ಹುಟ್ಟುಗುಣ, ಅದಕ್ಕೆ ಪಗಾರ ಕೊಡಬೇಕಿಲ್ಲ. ಕೌಶಲ ಎಂದರೆ ಕಲಿತದ್ದು, ಕೊಡಬೇಕಾಗುತ್ತದೆ. ಖಾದಿಯ ಕೂಲಿಗೆ ಗಂಡಸರು ನಿಲ್ಲುವುದಿಲ್ಲ ಎಂಬುದೂ ಅಷ್ಟೇ ನಿಜವಾದ ಕಾರಣ. 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆ ತಿದ್ದಿ ಪಾಲಿಯೆಸ್ಟರ್ ಬಟ್ಟೆಗೂ ಯಂತ್ರಕ್ಕೂ ಅವಕಾಶ ಕೊಟ್ಟಾಗ ಸಂಘ ಪ್ರತಿಭಟಿಸಿತು. ಹೆಂಗಸರು ತುಂಬಿದ ಕೆಲಸದ ಜಾಗ ತನ್ನಷ್ಟಕ್ಕೆ ಹೆಂಗಸರನ್ನು ಗೌರವಿಸುವ ಜಾಗ ಆಗಿಬಿಡುವುದಿಲ್ಲ. ಆ ಕೆಲಸಕ್ಕೆ ದೇಶ ಕೊಡುವ ಬೆಲೆಯೂ ಲೆಕ್ಕಕ್ಕೆ ಬರುತ್ತದೆ.

ಇನ್ನು ಯೋಗ್ಯತೆಯ ಮಾತು. ನಾವು ಜಾತಿ, ಧರ್ಮ ನೋಡುವುದಿಲ್ಲ, ಕೆಲಸ ಬರುತ್ತದೋ ಇಲ್ಲವೋ ಅದನ್ನಷ್ಟೇ ನೋಡುತ್ತೇವೆ ಎಂಬುದು ಕೆಲಸ ಕೊಡುವವರ ಸಾಮಾನ್ಯ ಉತ್ತರ. ಹಾಗೆ ಹೇಳುವವರಲ್ಲಿ ಅನೇಕರು ಪ್ರಾಮಾಣಿಕರು. ಆದರೆ ಸುಖದೇವ್ ಥೋರಟ್ ಮತ್ತು ಪಾಲ್ ಅಟೆವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಈ ನಂಬಿಕೆಯನ್ನು ಅಲ್ಲಾಡಿಸಿತು. ಪತ್ರಿಕೆಗಳಲ್ಲಿ ಬಂದ ಖಾಸಗಿ ಕಂಪನಿಗಳ 548 ಜಾಹೀರಾತುಗಳಿಗೆ ಅವರು 4,808 ಅರ್ಜಿ ಕಳಿಸಿದರು. ಓದು ಒಂದೇ, ಅನುಭವ ಒಂದೇ, ಹೆಸರು ಮಾತ್ರ ಬೇರೆ. ಮೇಲ್ಜಾತಿ ಹಿಂದೂ ಹೆಸರಿನ ಅರ್ಜಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಸಾಧ್ಯತೆ ಸುಮಾರು ಮೂರರಲ್ಲಿ ಎರಡು ಪಾಲು, ಮುಸ್ಲಿಂ ಹೆಸರಿಗೆ ಮೂರರಲ್ಲಿ ಒಂದು ಪಾಲು ಇತ್ತು. ನಮ್ಮ ಭಾಗದಲ್ಲಿ ಇದರ ಅರ್ಥ ಇನ್ನೂ ಚುರುಕಾಗಿ ತಟ್ಟುತ್ತದೆ. ಬಡಿಗೇರ, ಕಂಬಾರ, ಹಡಪದ, ಮಾದರ, ನದಾಫ ಎಂಬ ಅಡ್ಡಹೆಸರುಗಳು ಅರ್ಜಿಯ ಮೊದಲ ಸಾಲಿನಲ್ಲೇ ಮನೆತನದ ಕಸುಬು ಹೇಳಿಬಿಡುತ್ತವೆ. ಹತ್ತಿ ಹಿಂಜುವುದನ್ನೇ ಕುಲಕಸುಬು ಮಾಡಿಕೊಂಡಿದ್ದ ನದಾಫರ ಮನೆಯ ಹುಡುಗನಿಗೆ ಜಿನ್ನಿನ ಲೆಕ್ಕದ ಕೋಣೆಯಲ್ಲಿ ಕುರ್ಚಿ ಸುಲಭಕ್ಕೆ ಸಿಗುವುದಿಲ್ಲ ಎಂದರೆ, ಅದರಲ್ಲಿ ಯಾವ ಯೋಗ್ಯತೆಯ ಲೆಕ್ಕವಿದೆ? ಇಲ್ಲಿ ನೇಮಕಾತಿ ನಡೆಯುವುದು ಜಾಹೀರಾತಿನಿಂದ ಕಡಿಮೆ, ಪರಿಚಯದಿಂದ ಹೆಚ್ಚು. ನಮ್ಮವನೊಬ್ಬ ಇದ್ದಾನೆ ಎಂಬ ಶಿಫಾರಸು ಕೆಟ್ಟ ಮನಸ್ಸಿನಿಂದ ಬರುವುದಿಲ್ಲ. ಆದರೆ ಪ್ರತಿಯೊಬ್ಬರೂ ತಮ್ಮವನನ್ನೇ ತಂದರೆ ಲೆಕ್ಕದ ಕೋಣೆ ಒಂದೇ ಓಣಿಯವರಿಂದ ತುಂಬುತ್ತದೆ. ಖಾಲಿ ಇರುವ ಕೆಲಸವನ್ನು ಪುರಸಭೆಯ ಫಲಕದಲ್ಲೋ ಐಟಿಐ ಕಾಲೇಜಿನಲ್ಲೋ ಬರೆದು ಹಚ್ಚುವುದಕ್ಕೆ ಹಣ ಖರ್ಚಿಲ್ಲ.

ಜಾತಿಯ ಮಾತು ನೇಮಕಾತಿಗೆ ಮುಗಿಯುವುದಿಲ್ಲ, ಕುಡಿಯುವ ನೀರಿನವರೆಗೆ ಬರುತ್ತದೆ. ಬಿಸಿಯೂಟ ಬೇಯಿಸುವ ಹೆಣ್ಣುಮಗಳು ದಲಿತಳೆಂದು ಮಕ್ಕಳನ್ನು ಊಟಕ್ಕೆ ಬಿಡದ ಪ್ರಕರಣಗಳು ರಾಜ್ಯದಲ್ಲಿ ಮತ್ತೆ ಮತ್ತೆ ವರದಿಯಾಗಿವೆ. ಸರ್ಕಾರ ನೇಮಿಸಿದ ಕೆಲಸದಲ್ಲೇ ಹೀಗಾದರೆ ಹೊಲದ ಬದುವಿನಲ್ಲಿ ಬುತ್ತಿ ಬಿಚ್ಚುವ ಹೊತ್ತಿಗೆ ಯಾರು ಎಷ್ಟು ದೂರ ಕೂರುತ್ತಾರೆ ಎಂಬುದನ್ನು ವಿವರಿಸಬೇಕಿಲ್ಲ. ಜಗಳವಾಗುತ್ತದೆ, ಇದ್ದದ್ದು ಇದ್ದ ಹಾಗೆ ಇರಲಿ ಎಂಬ ಎಚ್ಚರಿಕೆ ಆಗ ಬರುತ್ತದೆ. ಆದರೆ ಆ ನೆಮ್ಮದಿಯ ಖರ್ಚನ್ನು ದಿನವೂ ಒಬ್ಬರೇ ಭರಿಸುತ್ತಿದ್ದಾರೆ. ಒಂದೇ ಫಿಲ್ಟರ್, ಒಂದೇ ಸಾಲಿನ ಲೋಟ, ಊಟಕ್ಕೆ ಒಂದೇ ಚಪ್ಪರ ಎಂದು ಮಾಲೀಕ ಮೊದಲ ದಿನವೇ ಗಟ್ಟಿಯಾಗಿ ಹೇಳಿದರೆ ಎಷ್ಟೋ ಜಗಳ ಹುಟ್ಟುವ ಮೊದಲೇ ಸಾಯುತ್ತದೆ.

ಅಂಗವಿಕಲರ ವಿಷಯದಲ್ಲಿ ನಮ್ಮ ಜಿಲ್ಲೆಯೇ ದೇಶಕ್ಕೆ ಒಂದು ದಾರಿ ತೋರಿಸಿತು. 2017ರಲ್ಲಿ ಅಲೀನಾ ಆಲಂ ಹುಬ್ಬಳ್ಳಿಯ ಬಿ.ವಿ. ಭೂಮರಡ್ಡಿ ಎಂಜಿನಿಯರಿಂಗ್ ಕಾಲೇಜಿನ ಆವರಣದಲ್ಲಿ ಮಿಟ್ಟಿ ಕೆಫೆ ಶುರುಮಾಡಿದರು. ಚಹಾ ಮಾಡುವವರು, ಬಡಿಸುವವರು, ಹಣ ಎಣಿಸುವವರು ಬಗೆಬಗೆಯ ಅಂಗವೈಕಲ್ಯ ಇರುವವರು. 2023ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಆವರಣದಲ್ಲೂ ಒಂದು ಮಿಟ್ಟಿ ಕೆಫೆ ತೆರೆಯಿತು. ಗಿರಾಕಿಗಳು ಒಪ್ಪುವುದಿಲ್ಲ ಎಂಬ ಅಂಜಿಕೆ ಅಲ್ಲಿ ನಿಲ್ಲಲಿಲ್ಲ. ಕಿವಿ ಕೇಳದವರಿಗೆ ಬರೆದು ತೋರಿಸುವ ಏರ್ಪಾಡು ಇದ್ದರೆ ಅವರು ಚಹಾ ಕೊಡಬಲ್ಲರು, ಇಲ್ಲದಿದ್ದರೆ ಕೊಡಲಾರರು. ತಕ್ಕಡಿಯ ಅಂಕಿಯನ್ನು ಮಾತಾಡಿ ಹೇಳುವ ಯಂತ್ರ ಇದ್ದರೆ ಕಣ್ಣು ಕಾಣದವನೂ ತೂಕದ ಹತ್ತಿರ ಕೂರಬಹುದು. ಲಿಂಗತ್ವ ಅಲ್ಪಸಂಖ್ಯಾತರಿಗೆ ಸರ್ಕಾರಿ ನೇಮಕಾತಿಯಲ್ಲಿ ಶೇ 1 ಮೀಸಲಾತಿಯನ್ನು ದೇಶದಲ್ಲಿ ಮೊದಲು ಕೊಟ್ಟದ್ದೂ ಕರ್ನಾಟಕವೇ, 2021ರಲ್ಲಿ; ತಾಲ್ಲೂಕಿನ ಖಾಸಗಿ ಕೆಲಸಗಳಲ್ಲಿ ಅವರಿಗೆ ಬಾಗಿಲು ತೆರೆಯುವುದು ಇನ್ನೂ ಆಗಬೇಕಾದ ಕೆಲಸ.

ಎಲ್ಲಕ್ಕಿಂತ ತೂಕದ ಆಕ್ಷೇಪ ಖರ್ಚಿನದು. ಜಿನ್ನು ನಡೆಯುವುದು ವರ್ಷದ ಕೆಲವು ತಿಂಗಳು, ಹತ್ತಿಯ ದರ ನಮ್ಮ ಕೈಯಲ್ಲಿಲ್ಲ, ಶೌಚಾಲಯ ಕಟ್ಟು, ಕೂಸಿನ ಕೋಣೆ ಮಾಡು ಎಂದರೆ ಸಣ್ಣ ಮಾಲೀಕ ಎಲ್ಲಿಂದ ತರಬೇಕು? ಈ ಪ್ರಶ್ನೆಯಲ್ಲಿ ನ್ಯಾಯವಿದೆ. ಆದರೆ ಅದೇ ಮಾಲೀಕರು ಆಳು ಸಿಗುವುದಿಲ್ಲ ಎಂದೂ ದೂರುತ್ತಾರೆ. ಹುಬ್ಬಳ್ಳಿಗೋ ಗೋವೆಗೋ ಹೊರಟವರನ್ನು ತಡೆಯುವ ಶಕ್ತಿ ಇಲ್ಲಿನ ಕೂಲಿಗೆ ಇಲ್ಲದಿರಬಹುದು. ಶೌಚಾಲಯವಿಲ್ಲವೆಂದು ದಿನವಿಡೀ ನೀರು ಕುಡಿಯದೆ ಕೂರುವ, ಕೂಸಿಗೆ ಜ್ವರ ಬಂದರೆ ಕೆಲಸ ಬಿಡುವ ಹೆಂಗಸರನ್ನು ಉಳಿಸಿಕೊಳ್ಳುವುದು ಮಾತ್ರ ಮಾಲೀಕರ ಕೈಯಲ್ಲೇ ಇದೆ. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾದ ಮೇಲೆ ಹಳ್ಳಿಯ ಹೆಣ್ಣುಮಗಳು ಚಾರ್ಜಿನ ಚಿಂತೆ ಇಲ್ಲದೆ ಹುಬ್ಬಳ್ಳಿಯವರೆಗೆ ಕೆಲಸ ಹುಡುಕಬಹುದು. ಊರಿನ ಮಿಲ್ಲಿಗೆ ಈಗ ಪೈಪೋಟಿ ಇದೆ. ಖರ್ಚು ಒಬ್ಬರ ಮೇಲೇ ಬೀಳಬೇಕೆಂದೂ ಇಲ್ಲ. ಕೂಲಿಯವರ ಮಕ್ಕಳಿಗಾಗಿ ರಾಜ್ಯ 2023ರಲ್ಲಿ ಘೋಷಿಸಿದ ಕೂಸಿನ ಮನೆ ಯೋಜನೆಯ ಗುರಿ 4,000 ಗ್ರಾಮ ಪಂಚಾಯಿತಿಗಳು. ಅದು ಹಳ್ಳಿಗೆ ಮಾಡಿದ್ದು. ಅಣ್ಣಿಗೇರಿ ಪುರಸಭೆಯ ಊರು. ಸುತ್ತಲಿನ ಹಳ್ಳಿಗಳಿಂದ ಮಿಲ್ಲಿಗೂ ಮಾರುಕಟ್ಟೆಗೂ ಬರುವ ತಾಯಂದಿರ ಕೂಸುಗಳು ಎರಡರ ನಡುವೆ ಬಿದ್ದುಹೋಗುತ್ತವೆ.

ಇಷ್ಟೆಲ್ಲ ಆದ ಮೇಲೂ ಉಳಿಯುವ ಕೊನೆಯ ಪರೀಕ್ಷೆ ದೂರು. ಇವತ್ತು ತಪ್ಪಾಯಿತು ಎಂದು ಹೇಳಿದವಳಿಗೆ ನಾಳೆಯೂ ಕೆಲಸ ಇರುತ್ತದೆಯೇ? ದಿನಗೂಲಿಯವಳ ನಾಳೆ ಇರುವುದು ಮೇಸ್ತ್ರಿಯ ಒಂದು ಫೋನಿನಲ್ಲಿ. ಅವನ ಮೇಲೇ ದೂರು ಇದ್ದರೆ ಅವಳು ಸುಮ್ಮನಾಗುತ್ತಾಳೆ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಇದನ್ನು ಊಹಿಸಿಯೇ ಬರೆದದ್ದು. ಹತ್ತಕ್ಕಿಂತ ಕಡಿಮೆ ಜನ ಇರುವ ಕೆಲಸದ ಜಾಗದವರು, ಮನೆಗೆಲಸದವರು, ಮಾಲೀಕನ ಮೇಲೇ ದೂರು ಇರುವವರು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಹೋಗಬಹುದು. ದೂರನ್ನು ಪಡೆದು ಏಳು ದಿನದೊಳಗೆ ಸಮಿತಿಗೆ ಮುಟ್ಟಿಸಲು ತಾಲ್ಲೂಕಿಗೊಬ್ಬ ನೋಡಲ್ ಅಧಿಕಾರಿ ಇರಬೇಕು. ದೂರು ಕೊಡಲು ಮೂರು ತಿಂಗಳ ಅವಧಿ ಇದೆ. ಬರೆಯಲು ಬಾರದವರಿಗೆ ಬರೆದುಕೊಳ್ಳಲು ನೆರವು ಕೊಡಬೇಕು. ಇದನ್ನು ಕಸ ತೆಗೆಯುವ, ತುಂಬು ತೆಗೆಯುವ, ಹತ್ತಿ ಆರಿಸುವ ಹೆಂಗಸರಿಗೆ ತಿಳಿಸುವ ಕೆಲಸ ಯಾರದು ಎಂದು ಯಾವ ಮಿಲ್ಲಿನ ಗೋಡೆಯ ಮೇಲೂ ತಾನಾಗಿ ಬರೆದು ಬರುವುದಿಲ್ಲ. ಬರುವ ಹತ್ತಿ ಹಂಗಾಮಿಗೆ ಮೊದಲು ಪುರಸಭೆ, ಎಪಿಎಂಸಿ, ಜಿನ್ನಿನ ಮಾಲೀಕರು ಮತ್ತು ಕೂಲಿಕಾರ ಹೆಂಗಸರ ಗುಂಪುಗಳ ಮುಂದಾಳುಗಳು ಒಂದು ದಿನ ಕೂತರೆ ಮಾರುಕಟ್ಟೆಯ ಹತ್ತಿರ ಒಂದು ಕೂಸಿನ ಮನೆಗೆ ಜಾಗ ಹುಡುಕಬಹುದು, ಶೌಚಾಲಯದ ಖರ್ಚು ಹಂಚಿಕೊಳ್ಳಬಹುದು, ಆ ನೋಡಲ್ ಅಧಿಕಾರಿಯ ಹೆಸರು ಮತ್ತು ಫೋನ್ ನಂಬರನ್ನು ದಿನದ ದರ ಬರೆಯುವ ಫಲಕದಲ್ಲೇ ದೊಡ್ಡ ಅಕ್ಷರದಲ್ಲಿ ಬರೆಸಬಹುದು.